ಕೀಲಿಮಣೆಯೂ ಕೈಯ ವಿದ್ಯೆಯೂ

ತಂತ್ರಾಂಶ ಬರೆಯುವ ಉದ್ಯೋಗದಲ್ಲಿ ನಿರತರಾದ ನಮ್ಮ ತರುಣ ತರುಣಿಯರು ಬೆಂಗಳೂರನ್ನು ಬಿಟ್ಟು ಜರ್ಮನಿಯ ಮ್ಯೂನಿಕ್, ಬರ್ಲಿನ್, ಸ್ಟುಟ್‌ಗಾರ್ಟ್ ಮೊದಲಾದ ನಗರಗಳಿಗೆ ಹೋಗಿ ನೆಲೆಸುವಾಗ, ಅಲ್ಲಿಯ ಭಾಷೆ, ಚಳಿ, ಆಹಾರ ಇವುಗಳಿಂದ ಒದಗಬಹುದಾದ ಕಷ್ಟಗಳನ್ನು ಹೊರಡುವುದಕ್ಕೆ ಮುಂಚೆಯೇ ಊಹಿಸಿಕೊಂಡು ಅವಕ್ಕೆ ತಕ್ಕ ಏರ್ಪಾಡುಗಳನ್ನು ಮಾಡಿಕೊಂಡಿರುತ್ತಾರೆ. ಆದರೆ ಯಾವ ಹಿತೈಷಿಯೂ ಮುಂದಾಗಿ ತಿಳಿಸದ ಒಂದು ಕಷ್ಟ, ಕಛೇರಿಯಲ್ಲಿ ಕುಳಿತ ಮೊದಲನೆಯ ಗಳಿಗೆಯಲ್ಲಿಯೇ, ಅವರ ಬೆರಳುಗಳಿಗೆ ಎದುರಾಗುತ್ತದೆ. ಅಲ್ಲಿಯ ಕೀಲಿಮಣೆಯಲ್ಲಿ ವೈ ಇರಬೇಕಾದ ಸ್ಥಾನದಲ್ಲಿ ಝಡ್ ಇರುತ್ತದೆ, ಝಡ್ ಇರಬೇಕಾದೆಡೆ ವೈ ಇರುತ್ತದೆ. ಇದು ಅಲ್ಪ ವ್ಯತ್ಯಾಸ, ಕೆಲವು ದಿನಗಳ ಅಭ್ಯಾಸದಿಂದ ಸರಿಹೋಗತಕ್ಕದ್ದು. ಸುಲಭವಾಗಿ ಸರಿಹೋಗದಿರುವುದು ಬೇರೆ. ಪ್ರೋಗ್ರಾಮು ಬರೆಯುವವರು ದಿನವೂ ಲೆಕ್ಕವಿಲ್ಲದಷ್ಟು ಸಲ ಬಳಸಬೇಕಾದ ಪುಷ್ಪಾವರಣ, ಎಂದರೆ { ಎಂಬ ಚಿಹ್ನೆ, ನಮ್ಮ ಕೀಲಿಮಣೆಯಲ್ಲಿ ಪಿ ಅಕ್ಷರದ ಮಗ್ಗುಲಲ್ಲಿ ಬಲಗೈಯ ಕಿರುಬೆರಳಿಗೆ ಸಿಕ್ಕುವಂತೆ ಇದ್ದರೆ, ಅಲ್ಲಿ ಅದು ಏಳನೆಯ ಅಂಕಿಯ ಕೀಲಿಯ ಮೂಲೆಯಲ್ಲಿ ಅಡಗಿರುತ್ತದೆ; ಅದನ್ನು ಹೊರಡಿಸಬೇಕಾದರೆ ಸ್ಪೇಸ್‌ಬಾರಿನ ಬಲಕ್ಕಿರುವ ಆಲ್ಟ್‌ಜಿಆರ್ ಎಂಬ ಕೀಲಿಯನ್ನು ಹೆಬ್ಬೆರಳಿನಿಂದ ಅದುಮಿ ಹಿಡಿದು, ಅದೇ ಕೈಯ ತೋರುಬೆರಳನ್ನು ಮೇಲಿನ ಸಾಲಿಗೆ ಚಾಚಬೇಕು. ಚೌಕಾವರಣಗಳೆರಡೂ ಎಂಟು ಒಂಬತ್ತರ ಮೇಲೆ, ಮುಚ್ಚುವ ಪುಷ್ಪಾವರಣ ಸೊನ್ನೆಯ ಮೇಲೆ. ಇವೆಲ್ಲವೂ ಬಲಗೈಯ ಪಾಲಿಗೇ ಬಂದಿರುವುದರಿಂದ, ಹೆಬ್ಬೆರಳು ಅಂಗೈಯ ಕೆಳಗೆ ಮಡಿಸಿಕೊಂಡಿರುವಾಗಲೇ ಉಳಿದ ಬೆರಳುಗಳು ಮೇಲಕ್ಕೆ ನೀಳಬೇಕಾಗಿ, ಸಂಜೆಯ ಹೊತ್ತಿಗೆ ಮಣಿಕಟ್ಟಿನಲ್ಲಿ ನೋವು ಕಾಣಿಸಿಕೊಳ್ಳುತ್ತದೆ.

ಈ ಬಗೆಯ ದೂರನ್ನು ಹೊರಗಿನವರು ಕೇಳಿದಾಗ ಅದನ್ನು ಕ್ಷುದ್ರವೆಂದು ತಳ್ಳಿಹಾಕುವುದು ವಾಡಿಕೆ. ಹೊಸ ಊರಿಗೆ ಹೋದವನು ಅಲ್ಲಿಯ ರೀತಿಗೆ ಹೊಂದಿಕೊಳ್ಳಬೇಕಲ್ಲದೆ ಊರನ್ನೇ ದೂರಬಾರದೆಂದು ಹೇಳುವವರುಂಟು. ಯಾವ ಕೀಲಿಯನ್ನು ಒತ್ತಿದರೇನು, ಬುದ್ಧಿಯಲ್ಲವೇ ಮುಖ್ಯವೆಂದು ಕೇಳುವವರೂ ಉಂಟು. ಈ ಮಾತುಗಳನ್ನು ಒಪ್ಪಲು ನಾನು ಸಿದ್ಧನಿಲ್ಲ. ಈ ದೂರು ಕ್ಷುದ್ರವಲ್ಲವೆಂದೂ, ಇದರ ಮೂಲವಿರುವುದು ದೂರುವವರ ಅಸಹನೆಯಲ್ಲಿ ಅಲ್ಲ, ಗಣಕಭಾಷೆಗಳು ಹುಟ್ಟಿ ಬೆಳೆದ ಚರಿತ್ರೆಯಲ್ಲಿ ಎಂದೂ, ಆದಕಾರಣ ಪರಿಹಾರದ ಹೊಣೆಯನ್ನೆಲ್ಲ ದುಡಿಯುವವರ ಬೆರಳುಗಳ ಮೇಲೆಯೇ ಹೊರಿಸುವುದು ನ್ಯಾಯವಲ್ಲವೆಂದೂ ನನ್ನ ದೃಢವಾದ ಅಭಿಪ್ರಾಯ.

ಕೀಲಿಮಣೆಯ ಮೇಲೆ ಪಳಗಿದ ಕೈಯಲ್ಲಿರುವ ಜ್ಞಾನ ಮಾತಿಗೆ ಸಿಕ್ಕುವ ಜ್ಞಾನವಲ್ಲ. ವರ್ಷಗಟ್ಟಲೆ ಬರೆದ ಒಬ್ಬರನ್ನು ಕರೆದು, ಅಲ್ಪವಿರಾಮದ ಎಡಕ್ಕಿರುವ ಅಕ್ಷರ ಯಾವುದೆಂದು ಕೇಳಿದರೆ, ಅವರು ಕ್ಷಣಕಾಲ ತಡೆದು, ಗಾಳಿಯಲ್ಲಿ ಬೆರಳಾಡಿಸಿ, ಆ ಬೆರಳಿನಿಂದ ಕೇಳಿ ತಿಳಿದುಕೊಂಡ ಮೇಲೆಯೇ ಉತ್ತರ ಹೇಳಬಲ್ಲರು. ಮೆಟ್ಟಿಲುಗಳನ್ನು ಅರ್ಧ ಅಂಗುಲದಷ್ಟು ಸರಿಸಿ ಕೂರಿಸಿದ ವೀಣೆಯನ್ನು ನುರಿತ ವೈಣಿಕರ ಕೈಗೆ ಕೊಟ್ಟರೆ, ಅವರ ರಾಗಜ್ಞಾನ ಎಳ್ಳಷ್ಟೂ ಕುಂದದಿದ್ದರೂ, ನುಡಿಸುವಿಕೆಯಲ್ಲಿ ಮನಸ್ಸು ರಾಗದಿಂದ ಜಾರಿ ಬೆರಳಿಗೆ ಬಂದು ನಿಲ್ಲುವುದು ಅನಿವಾರ್ಯವಾಗುತ್ತದೆ. ಪ್ರೋಗ್ರಾಮು ಬರೆಯುವವರಿಗೆ ಆಗುವ ನಷ್ಟವೂ ಇದೇ ಜಾತಿಯದು. ಅವರು ಕಟ್ಟುತ್ತಿರುವುದು ಹಲವು ನಿಬಂಧನೆಗಳು ಒಂದರೊಳಗೊಂದು ಹೆಣೆದುಕೊಂಡಿರುವ ಒಂದು ವಿಚಾರಸರಣಿ. ಅದನ್ನೆಲ್ಲ ಚಿತ್ತದಲ್ಲಿ ಏಕಕಾಲಕ್ಕೆ ಹಿಡಿದುಕೊಂಡಿರುವಾಗ, ವಾಕ್ಯವನ್ನು ಮುಗಿಸುವ ಅರ್ಧವಿರಾಮಕ್ಕೆಂದು ಒತ್ತಿದ ಕೀಲಿಯಿಂದ ಓ ಅಕ್ಷರದ ಮೇಲೆ ಎರಡು ಚುಕ್ಕೆಯಿಟ್ಟ ಜರ್ಮನ್ ಸ್ವರವೂ, ಓರೆಗೀಟಿಗೆಂದು ಒತ್ತಿದ ಕೀಲಿಯಿಂದ ಅಡ್ಡಗೀಟೂ ಮೂಡಿದರೆ, ಅಳಿಸಿ ತಿದ್ದುವುದಕ್ಕೆ ಒಂದೇ ಕ್ಷಣ ಸಾಕಾದೀತು. ಆದರೆ ಕಳಚಿಹೋದ ವಿಚಾರದ ಎಳೆಯನ್ನು ಮರಳಿ ಹಿಡಿಯುವುದಕ್ಕೆ ಬೇಕಾಗುವ ಕಾಲ ಬಹಳ ಹೆಚ್ಚು. ಸಾಧಾರಣವಾದ ಪತ್ರ ಬರೆಯುವವರಿಗೆ ಈ ಪೀಡೆ ಅಷ್ಟಾಗಿ ತಟ್ಟದು, ಏಕೆಂದರೆ ಅವರಿಗೆ ಬೇಕಾದ ಅಕ್ಷರಗಳೂ ವಿರಾಮಚಿಹ್ನೆಗಳೂ ಆಯಾ ದೇಶದ ಕೀಲಿಮಣೆಯಲ್ಲಿ ಕೈಗೆಟಕುವ ಸ್ಥಾನಗಳಲ್ಲಿಯೇ ಇರುತ್ತವೆ. ದೇಶದೇಶದ ಕೀಲಿಮಣೆಗಳೆಲ್ಲ ಮೂಲೆಗೆ ತಳ್ಳಿರುವ ಚಿಹ್ನೆಗಳೇ ಪ್ರೋಗ್ರಾಮಿನ ಜೀವಾಳವಾಗಿರುವುದರಿಂದ, ಈ ಉದ್ಯೋಗದವರಿಗೇ ಪೆಟ್ಟು ಬಲವಾಗಿ ಬೀಳುತ್ತದೆ.

ಹೀಗೇಕಾಯಿತೆಂಬುದನ್ನು ತಿಳಿಯಲು ತುಸು ಹಿಂದಕ್ಕೆ ಹೋಗಬೇಕು. ಅಮೆರಿಕದ ಮಿಲ್ವಾಕೀ ನಗರದ ಕ್ರಿಸ್ಟೊಫರ್ ಲೇಥಮ್ ಶೋಲ್ಸ್ ಮತ್ತು ಅವನ ಸಂಗಡಿಗರು ನಿರ್ಮಿಸಿದ ಬೆರಳಚ್ಚು ಯಂತ್ರ 1874ರಲ್ಲಿ ರೆಮಿಂಗ್ಟನ್ ಸಂಸ್ಥೆಯ ಮೂಲಕ ಮಾರಾಟಕ್ಕೆ ಬಂದ ತರುವಾಯ, ಯೂರೋಪಿನ ಜನಾಂಗಗಳು ಆ ಕೀಲಿವಿನ್ಯಾಸವನ್ನು ತಂತಮ್ಮ ಭಾಷೆಯ ಅಗತ್ಯಕ್ಕೆ ಅನುಸಾರವಾಗಿ ಮಾರ್ಪಡಿಸಿಕೊಂಡವು. ಜರ್ಮನ್ ಭಾಷೆಯಲ್ಲಿ ಝಡ್ ಅಕ್ಷರದ ಬಳಕೆ ವೈಗಿಂತ ಎಷ್ಟೋ ಹೆಚ್ಚಾದುದರಿಂದ, ಜರ್ಮನರು ಅವೆರಡರ ಸ್ಥಾನಗಳನ್ನು ಅದಲುಬದಲು ಮಾಡಿದರು. ಫ್ರೆಂಚರು ಎ ಮತ್ತು ಕ್ಯೂ ಅಕ್ಷರಗಳನ್ನು, ಝಡ್ ಮತ್ತು ಡಬ್ಲ್ಯೂ ಅಕ್ಷರಗಳನ್ನು ಅದಲುಬದಲು ಮಾಡಿ, ಸ್ವರಚಿಹ್ನೆಯುಳ್ಳ ಅಕ್ಷರಗಳಿಗೆ ಮೇಲಿನ ಸಾಲಿನಲ್ಲಿ ಎಡೆಗೊಟ್ಟು, ಅಂಕಿಗಳನ್ನು ಶಿಫ್ಟಿನ ಆಶ್ರಯಕ್ಕೆ ಬಿಟ್ಟರು. ಭಾಷೆಯೊಂದು ಯಂತ್ರವನ್ನು ತನ್ನ ಅಳತೆಗೆ ಹೊಲಿಸಿಕೊಂಡದ್ದರಲ್ಲಿ ತಪ್ಪೇನೂ ಇರಲಿಲ್ಲ. ಪುಷ್ಪಾವರಣವಾಗಲಿ ಹಿಂದೋರೆಗೀಟಾಗಲಿ ಆ ಕಾಲದ ಗುಮಾಸ್ತರಿಗೂ ಲೇಖಕರಿಗೂ ಬೇಕಾಗಿರಲಿಲ್ಲ.

ಅವು ಬೇಕಾದದ್ದು ಗಣಕದಿಂದ. ಅಮೆರಿಕದಲ್ಲಿ 1963ರಲ್ಲಿ ಪ್ರಕಟವಾಗಿ 1967ರಲ್ಲಿ ಪರಿಷ್ಕೃತವಾದ ಆಸ್ಕಿ ಎಂಬ ಸಂಕೇತಪಟ್ಟಿಯಲ್ಲಿ, ಇಂಗ್ಲಿಷಿನ ಅಕ್ಷರಗಳಿಗೂ ಅಂಕಿಗಳಿಗೂ ಸ್ಥಳ ಕೊಟ್ಟ ಮೇಲೆ ಉಳಿದ ಮನೆಗಳನ್ನು ನಾನಾ ಚಿಹ್ನೆಗಳಿಂದ ತುಂಬಿದರು. 1970ರ ದಶಕದ ಆದಿಯಲ್ಲಿ ಬೆಲ್ ಪ್ರಯೋಗಶಾಲೆಯ ಡೆನ್ನಿಸ್ ರಿಚೀ ತನ್ನ ಸಿ ಭಾಷೆಯನ್ನು ರೂಪಿಸುವಾಗ, ಆ ಪಟ್ಟಿಯಲ್ಲಿದ್ದ ಚಿಹ್ನೆಗಳನ್ನು ಧಾರಾಳವಾಗಿ ಬಳಸಿಕೊಂಡ. ವಾಕ್ಯಸಮೂಹಕ್ಕೆ ಪುಷ್ಪಾವರಣ, ಸರಣಿಗೆ ಚೌಕಾವರಣ, ವಿಶೇಷ ಸಂಜ್ಞೆಗಳಿಗೆ ಹಿಂದೋರೆಗೀಟು, ವಿಕಲ್ಪಕ್ಕೆ ಲಂಬರೇಖೆ. ಸಿ ಭಾಷೆಯ ವೈಭವ ಎಷ್ಟಾಯಿತೆಂದರೆ, ಅದರ ಬಳಿಕ ಬಂದ ಸಿ ಪ್ಲಸ್ ಪ್ಲಸ್, ಜಾವಾ, ಜಾವಾಸ್ಕ್ರಿಪ್ಟ್ ಮೊದಲಾದ ಭಾಷೆಗಳೆಲ್ಲ ಅದರ ಉಡುಪನ್ನೇ ತೊಟ್ಟು ಬಂದವು. ಆ ಚಿಹ್ನೆಗಳಿಲ್ಲದ ಟರ್ಮಿನಲ್‌ಗಳು ಅಮೆರಿಕದಲ್ಲಿಯೇ ಇದ್ದವೆಂಬುದೂ, ಸಣ್ಣಕ್ಷರಗಳಿಲ್ಲದ ಅಂತಹ ಟರ್ಮಿನಲ್ಲಿನಲ್ಲಿ ಹಿಂದೋರೆಗೀಟು ಮತ್ತು ದುಂಡಾವರಣಗಳನ್ನು ಜೊತೆಗೂಡಿಸಿ ಬರೆದರೆ ಪುಷ್ಪಾವರಣವೆಂದು ಗ್ರಹಿಸುವ ಏರ್ಪಾಡು ಯೂನಿಕ್ಸ್ ವ್ಯವಸ್ಥೆಯಲ್ಲಿ ಇದ್ದಿತೆಂಬುದೂ ಇಲ್ಲಿ ನೆನೆಯತಕ್ಕ ಸಂಗತಿ. ಎಂದರೆ, ಎಲ್ಲರ ಮೇಜಿನ ಮೇಲೂ ಒಂದೇ ಕೀಲಿಮಣೆ ಇರುವುದಿಲ್ಲವೆಂಬ ಅರಿವು ಮೊದಲಿಗರಿಗೆ ಇಲ್ಲದೆ ಇರಲಿಲ್ಲ.

ಯೂರೋಪಿನಲ್ಲಿ ನಡೆದದ್ದು ಇನ್ನೂ ಕಠಿಣವಾದ ಕಥೆ. ಆಸ್ಕಿಯನ್ನು ಅಂತರರಾಷ್ಟ್ರೀಯ ಮಾನಕವಾಗಿ ಸ್ವೀಕರಿಸಿದ ಐಎಸ್‌ಒ 646 ಎಂಬ ಒಪ್ಪಂದದಲ್ಲಿ, ಪಟ್ಟಿಯ ಕೆಲವು ಮನೆಗಳನ್ನು ಆಯಾ ದೇಶ ತನ್ನ ಅಕ್ಷರಗಳಿಗೆ ಬಳಸಿಕೊಳ್ಳಬಹುದೆಂದು ಅನುಮತಿ ಕೊಟ್ಟರು. ಆ ಮನೆಗಳು ಬಹುಮಟ್ಟಿಗೆ ಸಿ ಭಾಷೆಗೆ ಪ್ರಾಣಭೂತವಾದ ಚಿಹ್ನೆಗಳ ಮನೆಗಳೇ ಆಗಿದ್ದವು. ಜರ್ಮನರು ಅಲ್ಲಿ ತಮ್ಮ ಚುಕ್ಕೆಯ ಸ್ವರಗಳನ್ನು ಇಟ್ಟರು, ಸ್ವೀಡನ್ನಿನವರೂ ಡೆನ್ಮಾರ್ಕಿನವರೂ ತಮ್ಮವನ್ನು ಇಟ್ಟರು, ಜಪಾನೀಯರು ಹಿಂದೋರೆಗೀಟಿನ ಮನೆಯಲ್ಲಿ ತಮ್ಮ ನಾಣ್ಯವಾದ ಯೆನ್ನಿನ ಗುರುತನ್ನು ಇಟ್ಟರು. ಪರಿಣಾಮವಾಗಿ ಅಂದಿನ ಸ್ವೀಡಿಷ್ ಪ್ರೋಗ್ರಾಮರ್ ತನ್ನ ಪರದೆಯ ಮೇಲೆ ಪ್ರತಿಯೊಂದು ಪುಷ್ಪಾವರಣದ ಬದಲು ತನ್ನ ಭಾಷೆಯ ಸ್ವರವೊಂದನ್ನು ಕಾಣುತ್ತ, ಆ ಸ್ವರವನ್ನು ಆವರಣವೆಂದು ಮನಸ್ಸಿನಲ್ಲಿ ಅನುವಾದಿಸಿಕೊಳ್ಳುತ್ತ ಪ್ರೋಗ್ರಾಮನ್ನು ಓದಬೇಕಾಯಿತು. ತಾಯ್ನುಡಿಯ ಅಕ್ಷರವೋ ಉದ್ಯೋಗದ ಚಿಹ್ನೆಯೋ, ಎರಡರಲ್ಲಿ ಒಂದನ್ನು ಆರಿಸಿಕೊಳ್ಳೆಂದು ಯಂತ್ರವು ಮನುಷ್ಯನನ್ನು ಕೇಳುವ ಸ್ಥಿತಿ ಅದು.

ಈ ತೊಡಕನ್ನು ಬಿಡಿಸಲೆಂದು 1989ರ ಸಿ ಮಾನಕದಲ್ಲಿ ಮೂರು ಚಿಹ್ನೆಗಳ ಗುಚ್ಛಗಳನ್ನು ಸೇರಿಸಿದರು. ಎರಡು ಪ್ರಶ್ನಾರ್ಥಕಗಳನ್ನೂ ಬಳಿಕ ಒಂದು ಕೋನಚಿಹ್ನೆಯನ್ನೂ ಬರೆದರೆ, ಎಂದರೆ??< ಎಂದು ಬರೆದರೆ, ಅದು ಪುಷ್ಪಾವರಣಕ್ಕೆ ಸಮಾನವೆಂದು ವಿಧಿಸಿದರು. ಉದ್ದೇಶ ಒಳ್ಳೆಯದು, ಆದರೆ ಹಾಗೆ ಬರೆದ ಪುಟವನ್ನು ಓದಿ ಅರ್ಥಮಾಡಿಕೊಳ್ಳುವುದು ಬರೆದವರಿಗೇ ಕಷ್ಟವಾಗುತ್ತಿತ್ತು. ಸಿ ಪ್ಲಸ್ ಪ್ಲಸ್ ಭಾಷೆಯ ಕರ್ತೃವಾದ ಬ್ಯಾರ್ನೆ ಸ್ಟ್ರೌಸ್ಟ್ರಪ್ ಡೆನ್ಮಾರ್ಕಿನ ಓರ್ಹುಸ್ ನಗರದಲ್ಲಿ ಹುಟ್ಟಿ ಬೆಳೆದವನಾದುದರಿಂದ ಈ ನೋವನ್ನು ಒಳಗಿನಿಂದ ಬಲ್ಲವನಾಗಿದ್ದ. ತನ್ನ ಭಾಷೆಯ ಬೆಳವಣಿಗೆಯನ್ನು ಕುರಿತು 1994ರಲ್ಲಿ ಹೊರತಂದ ಗ್ರಂಥದಲ್ಲಿ ಈ ವಿಷಯಕ್ಕೆ ಸ್ಥಳ ಕೊಟ್ಟಿದ್ದಾನೆ. ತರುವಾಯ ಸ್ವಲ್ಪ ಸಹ್ಯವಾದ ಎರಡು ಚಿಹ್ನೆಗಳ ಜೋಡಿಗಳೂ, ಚಿಹ್ನೆಗಳ ಬದಲು ಇಂಗ್ಲಿಷಿನ ಪುಟ್ಟ ಪದಗಳೂ ಬಂದವು. 2017ರ ಸಿ ಪ್ಲಸ್ ಪ್ಲಸ್ ಮಾನಕದಿಂದ ಆ ಮೂರರ ಗುಚ್ಛಗಳನ್ನು ತೆಗೆದುಹಾಕುವಾಗ, ಹಳೆಯ ಸಂಕೇತಪಟ್ಟಿಗಳನ್ನು ಇನ್ನೂ ಬಳಸುತ್ತಿದ್ದ ದೊಡ್ಡ ಗಣಕಗಳ ಹಿತದೃಷ್ಟಿಯಿಂದ ಐಬಿಎಂ ಸಂಸ್ಥೆ ಅದನ್ನು ವಿರೋಧಿಸಿತು.

ಇದಕ್ಕಿಂತ ಉದಾರವಾದ ಮಾರ್ಗ ಅದಕ್ಕೆ ಮೊದಲೇ ತೆರೆದಿದ್ದಿತೆಂಬುದನ್ನು ನೆನೆದಾಗ ವಿಷಾದವಾಗುತ್ತದೆ. ಯೂರೋಪಿನವರೂ ಅಮೆರಿಕದವರೂ ಒಟ್ಟಾಗಿ ಕುಳಿತು ರಚಿಸಿದ ಆಲ್ಗಾಲ್ 60 ಎಂಬ ಭಾಷೆಯಲ್ಲಿ, ಪ್ರಮಾಣರೂಪ, ಪ್ರಕಟಣೆಯ ರೂಪ, ಯಂತ್ರಕ್ಕೆ ಒಪ್ಪುವ ರೂಪ ಎಂದು ಮೂರು ಸ್ತರಗಳನ್ನು ಬೇರೆಬೇರೆಯಾಗಿಯೇ ಕಲ್ಪಿಸಿದ್ದರು. ಯಾವ ದೇಶದ ಯಂತ್ರದಲ್ಲಿ ಯಾವ ಚಿಹ್ನೆ ಇಲ್ಲವೋ ಅಲ್ಲಿಗೆ ತಕ್ಕ ಪರ್ಯಾಯವನ್ನು ಮಾಡಿಕೊಳ್ಳುವ ಸ್ವಾತಂತ್ರ್ಯ ಇದರಿಂದ ದೊರೆಯಿತು. ಅದೇ ಪರಂಪರೆಯ ಝೂರಿಕ್ಕಿನ ನಿಕ್ಲಾಸ್ ವಿರ್ತ್ 1970ರಲ್ಲಿ ಹೊರತಂದ ಪಾಸ್ಕಲ್ ಭಾಷೆಯಲ್ಲಿ ವಾಕ್ಯಸಮೂಹವನ್ನು ಆದಿ ಅಂತ್ಯ ಸೂಚಕವಾದ ಪದಗಳಿಂದ ಗುರುತಿಸುತ್ತಾರೆ. ಚೌಕಾವರಣವಿಲ್ಲದವರು ದುಂಡಾವರಣಕ್ಕೆ ಒಂದು ಚುಕ್ಕೆಯನ್ನು ಸೇರಿಸಿ ಬರೆಯಬಹುದೆಂದು ಆ ಭಾಷೆಯ ಮಾನಕವೇ ಹೇಳುತ್ತದೆ. ಸಂಕ್ಷೇಪದಲ್ಲಿ ಸಿ ಭಾಷೆಗೆ ಪಾಸ್ಕಲ್ ಸಾಟಿಯಲ್ಲವೆಂಬುದು ನಿಜ. ಆದರೆ ಪರರ ಕೈಯನ್ನು ಗಣನೆಗೆ ತಂದುಕೊಂಡ ಸೌಜನ್ಯ ಅದರಲ್ಲಿ ಇತ್ತು.

ಯೂನಿಕೋಡ್ ಬಂದು ಈ ಎಲ್ಲ ಜಗಳವೂ ತೀರಿತಲ್ಲವೆ ಎಂದು ಕೆಲವರು ಕೇಳಬಹುದು. ಕಡತದ ಮಟ್ಟಿಗೆ ತೀರಿತು. ಇಂದು ಜರ್ಮನ್ ಸ್ವರವೂ ಪುಷ್ಪಾವರಣವೂ ಕನ್ನಡದ ಒತ್ತಕ್ಷರವೂ ಒಂದೇ ಕಡತದಲ್ಲಿ ನೆಮ್ಮದಿಯಿಂದ ಇರಬಲ್ಲವು. ಬೆರಳಿಗೂ ಚಿಹ್ನೆಗೂ ನಡುವಣ ದೂರ ಮಾತ್ರ ಹಾಗೆಯೇ ಉಳಿದಿದೆ. ಇಟಲಿಯ ಕೀಲಿಮಣೆಯನ್ನು ನೋಡಿ: ಅದರಲ್ಲಿ ಪುಷ್ಪಾವರಣವನ್ನು ಮುದ್ರಿಸಿಯೇ ಇರುವುದಿಲ್ಲ, ಶಿಫ್ಟ್, ಆಲ್ಟ್‌ಜಿಆರ್ ಎರಡನ್ನೂ ಹಿಡಿದು ಚೌಕಾವರಣದ ಕೀಲಿಯನ್ನು ಒತ್ತಿದರೆ ಅದು ಬರುತ್ತದೆಂಬುದನ್ನು ಬಲ್ಲವರಿಂದ ಕೇಳಿಯೇ ತಿಳಿಯಬೇಕು. ವಿಂಡೋಸ್ ವ್ಯವಸ್ಥೆಯ ಇಟಾಲಿಯನ್ ವಿನ್ಯಾಸದಲ್ಲಿ ಅಲೆಗೀಟಿಗೂ ಬ್ಯಾಕ್‌ಟಿಕ್ ಎಂಬ ಹಿಮ್ಮೊಗದ ಉದ್ಧರಣಚಿಹ್ನೆಗೂ ಕೀಲಿಯೇ ಇಲ್ಲದಿರುವುದರಿಂದ, ಆಲ್ಟ್ ಒತ್ತಿಕೊಂಡು ಅಂಕಿಗಳ ಮಣೆಯಲ್ಲಿ 126 ಎಂದೋ 96 ಎಂದೋ ಬರೆದು ಅವನ್ನು ಪಡೆಯಬೇಕಾಗುತ್ತದೆ. ಹೀಗಿರುವಾಗ, 2015ರ ಜಾವಾಸ್ಕ್ರಿಪ್ಟ್ ಮಾನಕವು ವಾಕ್ಯಮಾದರಿಗಳನ್ನು ಬರೆಯಲು ಅದೇ ಬ್ಯಾಕ್‌ಟಿಕ್ಕನ್ನು ಆರಿಸಿಕೊಂಡಿತು. ಇದಕ್ಕೆ ವ್ಯತಿರಿಕ್ತವಾಗಿ ಪೈಥಾನ್ ಭಾಷೆಯವರು ತಮ್ಮ ಮೂರನೆಯ ಆವೃತ್ತಿಯಲ್ಲಿ ಆ ಚಿಹ್ನೆಯನ್ನು ಕೈಬಿಟ್ಟರು. ಇನ್ನು ಮುಂದೆಯೂ ಅದನ್ನು ಬಳಸುವುದಿಲ್ಲವೆಂದು ನಿರ್ಧರಿಸುವಾಗ, ಕೆಲವು ಕೀಲಿಮಣೆಗಳಲ್ಲಿ ಅದರಿಂದ ತೊಂದರೆಯಾಗುತ್ತದೆಂಬುದನ್ನು ಕಾರಣಗಳಲ್ಲಿ ಒಂದಾಗಿ ಎಣಿಸಿದರು. ಭಾಷೆಯನ್ನು ನಿರ್ಮಿಸುವವರು ಮನಸ್ಸು ಮಾಡಿದರೆ ಅನ್ಯರ ಮೇಜನ್ನೂ ನೋಡಬಲ್ಲರೆಂಬುದಕ್ಕೆ ಇದೊಂದು ನಿದರ್ಶನ.

ಫ್ರಾನ್ಸಿನಲ್ಲಿ ಸರಕಾರವೇ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡಿತು. ಸ್ವರಚಿಹ್ನೆಯುಳ್ಳ ದೊಡ್ಡಕ್ಷರಗಳನ್ನು ಬರೆಯಲು ತಮ್ಮ ದೇಶದ ಕೀಲಿಮಣೆಯಲ್ಲಿಯೇ ಸರಿಯಾದ ಉಪಾಯವಿಲ್ಲವೆಂದು ಅಲ್ಲಿಯ ಸಂಸ್ಕೃತಿ ಸಚಿವಾಲಯ 2016ರಲ್ಲಿ ಬಹಿರಂಗವಾಗಿ ಹೇಳಿತು. ಅದರ ಫಲವಾಗಿ ಅಫ್ನಾರ್ ಎಂಬ ಮಾನಕಸಂಸ್ಥೆ 2019ರಲ್ಲಿ ಪರಿಷ್ಕೃತ ವಿನ್ಯಾಸವನ್ನು ಪ್ರಕಟಿಸಿತು. ಯಾವ ಚಿಹ್ನೆಯನ್ನು ಯಾವ ಕೀಲಿಯಲ್ಲಿಟ್ಟರೆ ಬೆರಳಿಗೆ ಶ್ರಮ ಕಡಿಮೆಯೆಂಬುದನ್ನು ಗಣಿತದಿಂದ ಲೆಕ್ಕ ಹಾಕಿದ ಸಂಶೋಧಕರ ನೆರವನ್ನೂ ಪಡೆದರು. ಮಾನಕ ಬಂದ ಮಾತ್ರಕ್ಕೆ ಅಂಗಡಿಯ ಸರಕು ಬದಲಾಗುವುದಿಲ್ಲ, ಪಳಗಿದ ಕೈಗಳೂ ಬದಲಾಗುವುದಿಲ್ಲ. ಆದರೂ ಇದು ರಾಷ್ಟ್ರವೊಂದು ವಿಚಾರ ಮಾಡತಕ್ಕ ವಿಷಯವೆಂದು ಅವರು ಭಾವಿಸಿದ್ದು ಗೌರವಕ್ಕೆ ಅರ್ಹವಾದದ್ದು.

ನಮ್ಮ ದೇಶದಲ್ಲಿ ಈ ಕಷ್ಟದ ಅರಿವು ಕಡಿಮೆಯಿರುವುದಕ್ಕೆ ಕಾರಣ ಸರಳ. ಇಂಗ್ಲೆಂಡಿನ ಆಳ್ವಿಕೆಯಲ್ಲಿದ್ದ ದೇಶವಾದರೂ, ಗಣಕದ ವಿಷಯದಲ್ಲಿ ನಮಗೆ ಬಂದದ್ದು ಅಮೆರಿಕದ ಕೀಲಿಮಣೆ. ಆದುದರಿಂದ ಗಣಕಭಾಷೆಗಳು ಯಾವ ಮೇಜಿನ ಮೇಲೆ ಹುಟ್ಟಿದವೋ ಅದೇ ಮೇಜು ನಮಗೂ ದೊರೆತಂತಾಯಿತು. ಈ ಅನುಕೂಲ ನಾವು ಗಳಿಸಿದ್ದಲ್ಲ, ಒದಗಿ ಬಂದದ್ದು. ಆದರೂ ಬೆಂಗಳೂರಿನಲ್ಲಿ ಕುಳಿತವರೂ ಅನ್ಯ ಕೀಲಿಮಣೆಯಿಂದ ಪೂರ್ತಿಯಾಗಿ ಪಾರಾಗಿಲ್ಲ. ನನ್ನ ಪರಿಚಯದ ಹೆಣ್ಣುಮಗಳೊಬ್ಬಳು ಜರ್ಮನ್ ಸಂಸ್ಥೆಯೊಂದರ ಇಲ್ಲಿಯ ಶಾಖೆಯಲ್ಲಿ ಕೆಲಸ ಮಾಡುತ್ತಾಳೆ. ಅವಳು ಪ್ರವೇಶಿಸಬೇಕಾದ ಯಂತ್ರ ಇರುವುದು ಜರ್ಮನಿಯಲ್ಲಿ, ಅದರ ಕೀಲಿವಿನ್ಯಾಸವೂ ಜರ್ಮನ್. ದೂರದ ಯಂತ್ರದ ಕನ್ಸೋಲಿಗೆ ಇಲ್ಲಿಂದ ಹೋಗುವುದು ಒತ್ತಿದ ಅಕ್ಷರವಲ್ಲ, ಒತ್ತಿದ ಕೀಲಿಯ ಸ್ಥಾನಸಂಖ್ಯೆ. ಆ ಸ್ಥಾನದಲ್ಲಿ ಯಾವ ಅಕ್ಷರವಿದೆಯೆಂದು ತೀರ್ಮಾನಿಸುವುದು ಅಲ್ಲಿಯ ಯಂತ್ರ. ಅವಳ ಗುಪ್ತಪದದಲ್ಲಿ ಒಂದು ಝಡ್ ಇತ್ತು, ಏಳರ ಮೇಲಿನ & ಚಿಹ್ನೆ ಇತ್ತು. ಇವಳು ಝಡ್ ಒತ್ತಿದರೆ ಅಲ್ಲಿ ವೈ ಬೀಳುತ್ತಿತ್ತು, & ಒತ್ತಿದರೆ ಓರೆಗೀಟು ಬೀಳುತ್ತಿತ್ತು; ಪರದೆಯ ಮೇಲೆ ಮೂಡುವುದು ಬರಿಯ ಚುಕ್ಕೆಗಳಾದುದರಿಂದ ತಪ್ಪು ಎಲ್ಲಿಯದೆಂದು ತಿಳಿಯುವ ದಾರಿಯೇ ಇರಲಿಲ್ಲ. ನಾಲ್ಕಾರು ಪ್ರಯತ್ನಗಳಾದ ಮೇಲೆ ಖಾತೆ ಬೀಗ ಹಾಕಿಕೊಂಡಿತು. ನಮಗೆ ಬೆಳಗಿನ ಒಂಬತ್ತಾದಾಗ ಚಳಿಗಾಲದ ಜರ್ಮನಿಯಲ್ಲಿ ನಾಲ್ಕೂವರೆ. ಬೀಗ ತೆಗೆಯಬೇಕಾದ ಅಧಿಕಾರಿ ಎದ್ದು ಕಛೇರಿಗೆ ಬರುವವರೆಗೆ ಅವಳು ಕೈಕಟ್ಟಿ ಕೂರಬೇಕಾಯಿತು. ಸಂಜೆ ಮೇಲಧಿಕಾರಿಯ ಮುಂದೆ ವಿವರಣೆ ಕೊಡಬೇಕಾದವಳೂ ಅವಳೇ. ಗುಪ್ತಪದದ ಪೆಟ್ಟಿಗೆಯ ಪಕ್ಕದಲ್ಲಿ, ಈಗ ಚಾಲ್ತಿಯಲ್ಲಿರುವುದು ಜರ್ಮನ್ ಕೀಲಿವಿನ್ಯಾಸವೆಂದು ಒಂದು ಸಾಲು ಬರೆದಿದ್ದರೆ ಈ ಒಂದು ದಿನದ ದುಡಿಮೆ ಉಳಿಯುತ್ತಿತ್ತು.

ಕೀಲಿಯ ಅಕ್ಷರಕ್ಕೂ ಕೀಲಿಯ ಸ್ಥಾನಕ್ಕೂ ಇರುವ ಈ ಭೇದವನ್ನು ತಂತ್ರಾಂಶ ಬರೆಯುವವರೇ ಆಗಾಗ ಮರೆಯುವುದರಿಂದ ಇನ್ನಷ್ಟು ತೊಂದರೆ ಹುಟ್ಟುತ್ತದೆ. ವಿಐ ಎಂಬ ಪ್ರಖ್ಯಾತ ಸಂಪಾದಕದಲ್ಲಿ ಎಚ್, ಜೆ, ಕೆ, ಎಲ್ ಎಂಬ ನಾಲ್ಕು ಅಕ್ಷರಗಳಿಂದ ಎಡಕ್ಕೆ, ಕೆಳಕ್ಕೆ, ಮೇಲಕ್ಕೆ, ಬಲಕ್ಕೆ ಚಲಿಸುತ್ತಾರೆ. ಬಿಲ್ ಜಾಯ್ ಅದನ್ನು ಬರೆದ ಎಡಿಎಂ 3ಎ ಎಂಬ ಟರ್ಮಿನಲ್ಲಿನಲ್ಲಿ ಬಾಣದ ಗುರುತುಗಳು ಆ ಅಕ್ಷರಗಳ ಕೀಲಿಗಳ ಮೇಲೆಯೇ ಮುದ್ರಿತವಾಗಿದ್ದುದೇ ಅದಕ್ಕೆ ಕಾರಣ. ಎಸ್ಕೇಪ್ ಕೀಲಿ ಅದರಲ್ಲಿ ಇಂದು ಟ್ಯಾಬ್ ಇರುವೆಡೆಯಲ್ಲಿ, ಕಿರುಬೆರಳಿಗೆ ಸಮೀಪದಲ್ಲಿತ್ತು. ಆ ಟರ್ಮಿನಲ್ ಕಾಣೆಯಾಗಿ ದಶಕಗಳಾದರೂ ಅದರ ಮೈಕಟ್ಟು ಇಂದಿನ ಸಂಪಾದಕಗಳ ಆಜ್ಞೆಗಳಲ್ಲಿ ಜೀವಿಸಿದೆ. ಅಕ್ಷರವನ್ನು ನೋಡಿ ಆಜ್ಞೆಯನ್ನು ಗೊತ್ತುಮಾಡಿದರೆ ವಿನ್ಯಾಸ ಬದಲಾದಾಗ ಸ್ಥಾನ ಕೆಡುತ್ತದೆ. ಸ್ಥಾನವನ್ನು ನೋಡಿ ಗೊತ್ತುಮಾಡಿದರೆ ಕೀಲಿಯ ಮೇಲೆ ಬರೆದದ್ದು ಸುಳ್ಳಾಗುತ್ತದೆ. ಎಲ್ಲಿ ಯಾವುದು ತಕ್ಕದ್ದೆಂಬುದು ವಿವೇಚನೆಯಿಂದ ನಿರ್ಧರಿಸಬೇಕಾದ ಸಂಗತಿ. ತಮ್ಮ ಮೇಜಿನ ಮೇಲಿರುವುದೇ ಲೋಕದ ಕೀಲಿಮಣೆಯೆಂದು ತಿಳಿದವರು ಆ ವಿವೇಚನೆಗೆ ತೊಡಗುವುದೇ ಇಲ್ಲ.

ಕೈಗೆ ಅಭ್ಯಾಸವಾದರೆ ಎಲ್ಲವೂ ಸರಿಹೋಗುತ್ತದೆಂಬ ವಾದದಲ್ಲಿ ಸತ್ಯಾಂಶವಿದೆ. ಒಂದೇ ಹೊಸ ವಿನ್ಯಾಸವನ್ನು ಹಿಡಿದು ಅದರಲ್ಲಿಯೇ ಉಳಿದವರು ಕ್ರಮೇಣ ಅದರಲ್ಲಿ ಪಳಗುತ್ತಾರೆ. ಆದರೆ ಇಂದಿನ ದುಡಿಮೆಯ ಸ್ವರೂಪ ಹಾಗಿಲ್ಲ. ಕಛೇರಿಯಲ್ಲಿ ಜರ್ಮನ್ ಕೀಲಿಮಣೆ, ಮನೆಯಲ್ಲಿ ತಾನು ಊರಿನಿಂದ ತಂದ ಲ್ಯಾಪ್‌ಟಾಪು, ಸಹೋದ್ಯೋಗಿಯ ಪಕ್ಕದಲ್ಲಿ ಕುಳಿತಾಗ ಅವನ ಮ್ಯಾಕ್. ಆ ಮ್ಯಾಕಿನಲ್ಲಿ ಜರ್ಮನ್ ವಿನ್ಯಾಸವೇ ಇದ್ದರೂ ಆವರಣಗಳು ಮತ್ತೆ ಬೇರೆ ಕೀಲಿಗಳಲ್ಲಿರುತ್ತವೆ. ಸಾಲದುದಕ್ಕೆ, ಇ-ಅಂಚೆಯ @ ಚಿಹ್ನೆಗೆಂದು ಹಳೆಯ ಅಭ್ಯಾಸದಿಂದ ಸ್ಪೇಸ್‌ಬಾರಿನ ಬಲದ ಕೀಲಿಯನ್ನು ಹಿಡಿದು ಕ್ಯೂ ಒತ್ತಿದರೆ, ಅಲ್ಲಿ ಅದು ತೆರೆದಿರುವ ತಂತ್ರಾಂಶವನ್ನೇ ಮುಚ್ಚೆಂಬ ಆಜ್ಞೆಯಾಗುತ್ತದೆ. ಎರಡು ಮೂರು ವಿನ್ಯಾಸಗಳ ನಡುವೆ ಓಡಾಡುವ ಕೈ ಯಾವುದರಲ್ಲಿಯೂ ಪೂರ್ಣವಾಗಿ ನೆಲೆಗೊಳ್ಳದು. ಯಂತ್ರದ ವಿನ್ಯಾಸವನ್ನು ಅಮೆರಿಕದ್ದಕ್ಕೆ ಬದಲಾಯಿಸಿಕೊಳ್ಳಬಹುದಲ್ಲವೆ ಎಂದರೆ, ಬಹುದು. ಅಲ್ಲಿಯ ಎಷ್ಟೋ ಪ್ರೋಗ್ರಾಮರುಗಳು ಹಾಗೆ ಮಾಡುತ್ತಾರೆ. ಆದರೆ ಎಡದ ಶಿಫ್ಟಿನ ಪಕ್ಕದಲ್ಲಿ ಒಂದು ಕೀಲಿ ಹೆಚ್ಚಾಗಿರುವುದೂ, ಶಿಫ್ಟು ಗಿಡ್ಡಾಗಿರುವುದೂ, ಎಂಟರ್ ಕೀಲಿ ನೀಳವಾಗಿ ನಿಂತಿರುವುದೂ ಲೋಹ ಪ್ಲಾಸ್ಟಿಕ್ಕುಗಳ ಸತ್ಯ; ಯಾವ ವಿನ್ಯಾಸವನ್ನು ಆರಿಸಿದರೂ ಅವು ಬದಲಾಗುವುದಿಲ್ಲ.

ಪೋಲೆಂಡಿನವರು ಕಂಡುಕೊಂಡ ದಾರಿ ನನಗೆ ಬಹಳ ಮೆಚ್ಚಿಕೆಯಾಗಿದೆ. ಅಲ್ಲಿ ಬೆರಳಚ್ಚುಗಾರರ ವಿನ್ಯಾಸವೆಂದೂ ಪ್ರೋಗ್ರಾಮರರ ವಿನ್ಯಾಸವೆಂದೂ ಎರಡಿದ್ದವು. ಎರಡನೆಯದರಲ್ಲಿ ಅಮೆರಿಕದ ಕೀಲಿಮಣೆಯನ್ನು ಹಾಗೆಯೇ ಇರಗೊಟ್ಟು, ಪೋಲಿಷ್ ಭಾಷೆಯ ವಿಶೇಷಾಕ್ಷರಗಳನ್ನು ಬಹುಮಟ್ಟಿಗೆ ಆಲ್ಟ್‌ಜಿಆರ್ ಜೊತೆಗೆ ಮೂಲಾಕ್ಷರವನ್ನು ಒತ್ತಿ ಪಡೆಯುವಂತೆ ಏರ್ಪಡಿಸಿದ್ದರು. ಕಾಲಕ್ರಮದಲ್ಲಿ ಪ್ರೋಗ್ರಾಮರರಿಗೆಂದು ಹುಟ್ಟಿದ ಈ ವಿನ್ಯಾಸವೇ ದೇಶದ ಸಾಮಾನ್ಯ ವಿನ್ಯಾಸವಾಯಿತು. ಭಾಷೆಯ ಅಕ್ಷರವೂ ಉದ್ಯೋಗದ ಚಿಹ್ನೆಯೂ ಒಂದೇ ಮಣೆಯ ಮೇಲೆ ಕಲಹವಿಲ್ಲದೆ ಬಾಳಿದವು. ಇಂತಹ ಸಂಧಾನ ಕೆಲವೇ ಅಕ್ಷರಗಳು ಹೆಚ್ಚಾಗಿರುವ ಭಾಷೆಗೆ ಸಾಧ್ಯವೇ ಹೊರತು, ಲಿಪಿಯೇ ಬೇರೆಯಾದ ನಮ್ಮಂತಹವರಿಗೆ ಸಾಧ್ಯವಿಲ್ಲ. ನಮಗೆ ಪೂರ್ಣವಾದ ಎರಡನೆಯ ಪದರವೇ ಬೇಕು.

ಆ ಎರಡನೆಯ ಪದರದಲ್ಲಿ ಕನ್ನಡಿಗರ ಪಾಡು ಜರ್ಮನ್ ಪ್ರೋಗ್ರಾಮರನ ಪಾಡಿಗಿಂತ ಉತ್ತಮವಾಗಿಲ್ಲ. ಭಾರತ ಸರಕಾರದ ಇನ್‌ಸ್ಕ್ರಿಪ್ಟ್ ವಿನ್ಯಾಸ ಒಂದು ಕಡೆ; ನಾಡೋಜ ಕೆ.ಪಿ. ರಾಯರು ರೂಪಿಸಿ ನುಡಿ ತಂತ್ರಾಂಶದ ಮೂಲಕ ನಾಡಿನಾದ್ಯಂತ ಬಳಕೆಗೆ ಬಂದ ವಿನ್ಯಾಸ ಇನ್ನೊಂದು ಕಡೆ. ಮೊದಲನೆಯದು ಸ್ವರಗಳನ್ನು ಎಡಗೈಗೂ ವ್ಯಂಜನಗಳನ್ನು ಬಹುಮಟ್ಟಿಗೆ ಬಲಗೈಗೂ ಹಂಚಿ, ಭಾರತದ ಲಿಪಿಗಳಿಗೆಲ್ಲ ಒಂದೇ ಕ್ರಮವನ್ನು ಕೊಡುತ್ತದೆ. ಎರಡನೆಯದು ಇಂಗ್ಲಿಷ್ ಕೀಲಿಯ ಧ್ವನಿಯನ್ನು ಅನುಸರಿಸಿ, ಒಂದು ಅಕ್ಷರಕ್ಕೆ ಒಂದೇ ಒತ್ತು ಎಂಬ ಸರಳತೆಯಿಂದ ಕನ್ನಡಿಗರ ಕೈಗೆ ಬೇಗ ಹತ್ತುತ್ತದೆ. ಎರಡೂ ಚಿಂತನಪೂರ್ವಕವಾಗಿ ಮಾಡಿದ ಕೆಲಸಗಳು. ಆದರೆ ರಾಯರ ವಿನ್ಯಾಸದಲ್ಲಿ ಪಳಗಿದವರು, ಇನ್‌ಸ್ಕ್ರಿಪ್ಟ್ ಚಾಲ್ತಿಯಲ್ಲಿರುವ ಯಂತ್ರದ ಮುಂದೆ ಕುಳಿತು ಕೆ, ಎನ್, ಎಫ್, ಎನ್, ಡಬ್ಲ್ಯೂ ಎಂದು ಒತ್ತಿ ಕನ್ನಡ ಎಂಬ ಪದವನ್ನು ಬರೆಯಹೊರಟರೆ, ಪರದೆಯ ಮೇಲೆ ಮೂಡುವುದು ಕಲಿಲೈ ಎಂಬ ಅರ್ಥವಿಲ್ಲದ ಅಕ್ಷರಪುಂಜ. ಪ್ರೋಗ್ರಾಮು ಬರೆಯುವ ಕನ್ನಡಿಗರಿಗೆ ಇದರ ಮೇಲೊಂದು ತೊಡಕುಂಟು. ಆಲ್ಟ್, ಶಿಫ್ಟ್ ಎರಡೂ ಅರಿವಿಲ್ಲದೆ ಒಟ್ಟಿಗೆ ಒತ್ತಿದಾಗ ವಿಂಡೋಸಿನಲ್ಲಿ ವಿನ್ಯಾಸವೇ ಬದಲಾಗಿಬಿಡುತ್ತದೆ. ಕಡತಗಳ ಪಟ್ಟಿ ಕೊಡೆಂದು ಬರೆದ ಎಲ್, ಎಸ್ ಎಂಬ ಆಜ್ಞೆ ಲಸ ಎಂದು ಮೂಡುತ್ತದೆ. ಅಂತಹ ಆಜ್ಞೆಯಿಲ್ಲವೆಂದು ಯಂತ್ರ ಹೇಳುತ್ತದೆ. ಕನ್ನಡ ವಿನ್ಯಾಸ ಚಾಲ್ತಿಯಲ್ಲಿರುವಾಗ ಕಂಟ್ರೋಲ್ ಜೊತೆಯ ಸಂಕ್ಷಿಪ್ತ ಆಜ್ಞೆಗಳನ್ನು ಗುರುತಿಸದ ತಂತ್ರಾಂಶಗಳೂ ಇವೆ. ಹೀಗೆ ಒಂದೆರಡು ಸಲ ಕೆಲಸ ಕೆಟ್ಟ ಮೇಲೆ, ಕನ್ನಡ ವಿನ್ಯಾಸವನ್ನೇ ಯಂತ್ರದಿಂದ ತೆಗೆದುಹಾಕಿ, ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವುದಕ್ಕೆ ತೊಡಗಿದ ಪ್ರೋಗ್ರಾಮರುಗಳನ್ನು ನಾನು ಕಂಡಿದ್ದೇನೆ. ತಂತ್ರಾಂಶಕ್ಕೆ ಕನ್ನಡವನ್ನು ತರಬಲ್ಲ ಶಕ್ತಿ ಯಾರಲ್ಲಿದೆಯೋ ಅವರ ಯಂತ್ರದಿಂದಲೇ ಕನ್ನಡ ಹೊರಬೀಳುವುದು ನನ್ನನ್ನು ಎಲ್ಲಕ್ಕಿಂತ ಹೆಚ್ಚಾಗಿ ನೋಯಿಸುವ ಸಂಗತಿ.

ಆಗಬೇಕಾದದ್ದು ಅಸಾಧ್ಯವಾದ ಕಾರ್ಯವೇನೂ ಅಲ್ಲ. ಹೊಸ ಗಣಕಭಾಷೆಗಳನ್ನೂ ಸಂಪಾದಕಗಳನ್ನೂ ರಚಿಸುವವರು ಒಂದು ಚಿಹ್ನೆಯನ್ನು ಆರಿಸುವ ಮೊದಲು ಜರ್ಮನ್, ಫ್ರೆಂಚ್, ಇಟಾಲಿಯನ್ ಕೀಲಿಮಣೆಗಳಲ್ಲಿ ಅದಕ್ಕೆ ಎಷ್ಟು ಕೀಲಿಗಳನ್ನು ಒತ್ತಬೇಕೆಂದು ನೋಡುವ ವಾಡಿಕೆಯನ್ನು ಇಟ್ಟುಕೊಳ್ಳಲಿ. ಗುಪ್ತಪದ ಕೇಳುವ ಎಲ್ಲ ಪರದೆಗಳೂ, ವಿಶೇಷವಾಗಿ ಡಿಸ್ಕಿನ ಬೀಗ ತೆರೆಯಲೆಂದು ಯಂತ್ರ ಆರಂಭವಾಗುವಾಗಲೇ ಮೂಡುವ ಪರದೆ, ಚಾಲ್ತಿಯಲ್ಲಿರುವ ವಿನ್ಯಾಸದ ಹೆಸರನ್ನು ತೋರಿಸಲಿ. ನುಡಿ ಮೊದಲಾದ ಕನ್ನಡ ತಂತ್ರಾಂಶಗಳನ್ನು ಪೋಷಿಸುವ ನಮ್ಮ ಸರಕಾರ, ಪ್ರೋಗ್ರಾಮು ಬರೆಯುವವರ ನಿತ್ಯದ ಬಳಕೆಯಲ್ಲಿ ಅವನ್ನು ಪರೀಕ್ಷಿಸುವ ಏರ್ಪಾಡು ಮಾಡಲಿ; ಸರಕಾರಿ ಕಛೇರಿಗಳ ಯಂತ್ರಗಳಲ್ಲಿ ಎರಡು ವಿನ್ಯಾಸಗಳೂ ಇದ್ದು, ಬರೆಯುವವರು ತಮ್ಮದನ್ನು ಆರಿಸಿಕೊಳ್ಳುವಂತಿರಲಿ. ಇನ್ನು ನಮ್ಮ ಇಂಜಿನಿಯರುಗಳನ್ನು ವಿದೇಶಗಳಿಗೆ ಕಳುಹಿಸುವ ಸಂಸ್ಥೆಗಳು, ವಸತಿ ಎಲ್ಲಿ ಬೇಕು, ಸಸ್ಯಾಹಾರವೋ ಮಾಂಸಾಹಾರವೋ ಎಂದು ಮುದ್ರಿತ ಪತ್ರದಲ್ಲಿ ಕೇಳುವಂತೆಯೇ, ಯಾವ ಕೀಲಿಮಣೆಯ ಲ್ಯಾಪ್‌ಟಾಪು ಬೇಕೆಂದೂ ಕೇಳಲಿ. ಹೋದ ಮೇಲೆ ಕೊಟ್ಟದ್ದು ಹೊಂದದಿದ್ದರೆ, ಬೇರೊಂದು ಕೀಲಿಮಣೆಯನ್ನು ಕೊಳ್ಳುವ ಖರ್ಚನ್ನು ಸಂಸ್ಥೆಯೇ ವಹಿಸಲಿ.